ಬಿಪಿ ಇರೋರು ಕಿಡ್ನಿ ರಿಪೋರ್ಟ್ ಜೊತೆ ಸಿಆರ್‌ಪಿನೂ ಇಟ್ಕೊಂಡು ಓದೋದು ಹೇಗೆ

ಯುಗಾದಿ ಮಾರನೇ ದಿನ ವರ್ಷತೊಡಕು, ಅದರ ಮಾರನೇ ದಿನ ಲ್ಯಾಬ್ ಮುಂದೆ ಕ್ಯೂ. ಚಿಂತಾಮಣಿ ಕಡೆ ಒಂದು ಸಣ್ಣ ಲ್ಯಾಬಲ್ಲಿ ನಾನು ರಕ್ತ ತೆಗೆಯೋಕೆ ಶುರು ಮಾಡಿ ಹದಿನೈದು ವರ್ಷ ಆಯ್ತು, ಪ್ರತಿ ವರ್ಷ ಇದೇ ಕಥೆ. ಹಿಂದಿನ ದಿನದ ಮಟನ್ ಸಾರು ಬೆಳಗ್ಗೆಗೆ ಇನ್ನೂ ರುಚಿಯಾಗಿರತ್ತಲ್ಲ, ಅದಕ್ಕೆ ಒಂದು ಮುದ್ದೆ ಹಾಕ್ಕೊಂಡು ಉಂಡು, ಹತ್ತು ಗಂಟೆಗೆ ಬಂದು ಕೈ ಚಾಚ್ತಾರೆ. ಸಾಯಂಕಾಲ ರಿಪೋರ್ಟ್ ನೋಡಿದ್ರೆ ಹೋದ ಸಲ 1.1 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ಒಂದು ಕಸ) ಈಗ 1.4. "ಏನಣ್ಣ, ಕಿಡ್ನಿ ಹೋಯ್ತಾ?" ಅಂತ ಮುಖ ಇಳಿಸ್ಕೊಂಡು ನಿಲ್ತಾರೆ. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರತ್ತೆ, ತಿಂದ ಕೆಲವು ಗಂಟೆ ರಕ್ತದಲ್ಲಿ ಅದು ಏರೇ ಏರತ್ತೆ. ನಾಲ್ಕು ದಿನ ಬಿಟ್ಟು ಬಾಡು ಮುಟ್ಟದೆ ಬಂದು ಮಾಡ್ಸಿದ್ರೆ ತುಂಬಾ ಜನರಿಗೆ ಹಳೇ ನಂಬರೇ ಬರತ್ತೆ.

ಈ ಲೇಖನ ಬರೀತಿರೋದು ಬಿಪಿ ಇರೋರಿಗೆ, ಇಲ್ಲಾ ಮನೇಲಿ ಬಿಪಿ ಇರೋ ಅಪ್ಪ ಅಮ್ಮನ ರಿಪೋರ್ಟ್ ಫೈಲ್ ಹಿಡ್ಕೊಂಡು ಓಡಾಡೋ ಮಕ್ಕಳಿಗೆ. ಕಿಡ್ನಿ ನಂಬರ್ ಪಕ್ಕ ಇಟ್ಟು ನೋಡಬೇಕಾದ ಸಿಆರ್‌ಪಿ ಅಂದ್ರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರೋ ಒಂದು ಪ್ರೋಟೀನ್. ನಾನು ಡಾಕ್ಟ್ರಲ್ಲ, ಮಾತ್ರೆ ಬದಲಾಯಿಸೋದು ನಿಮ್ಮ ಡಾಕ್ಟ್ರ ಕೆಲಸ. ಆದ್ರೆ ಯಾವ ಟೆಸ್ಟು, ಯಾವ ದಿನ ಮಾಡ್ಸಬೇಕು, ಯಾವ ನಂಬರ್ ಪಕ್ಕ ಯಾವ ನಂಬರ್ ಇಟ್ಟು ನೋಡಬೇಕು ಅನ್ನೋದು ಕೌಂಟರ್ ಈ ಕಡೆ ನಿಂತೋರಿಗೆ ಸ್ವಲ್ಪ ಗೊತ್ತಾಗತ್ತೆ.

ಮೊದ್ಲು ಬಿಪಿಗೂ ಕಿಡ್ನಿಗೂ ನಂಜಿಗೂ ಏನ್ ಸಂಬಂಧ

ಡ್ರಿಪ್ ಹಾಕ್ಸಿರೋ ರೈತರಿಗೆ ಇದನ್ನ ಹೇಳೋದು ಸುಲಭ. ಬೋರ್‌ವೆಲ್ ಹತ್ರ ಫಿಲ್ಟರ್ ಇರತ್ತಲ್ಲ, ಪ್ರೆಷರ್ ಜಾಸ್ತಿ ಆದ್ರೆ ಏನಾಗತ್ತೆ, ಜಾಲರಿ ಹರಿದು ಮರಳು ಪೈಪಿಗೆ ಹೋಗತ್ತೆ. ಒಂದೊಂದು ಕಿಡ್ನೀಲೂ ಹೆಚ್ಚುಕಮ್ಮಿ ಹತ್ತು ಲಕ್ಷ ಸಣ್ಣ ಜಾಲರಿ ಇವೆ, ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ಸೋಸ್ತವೆ, ಅದರಲ್ಲಿ ಬಹುಪಾಲು ವಾಪಸ್ ರಕ್ತಕ್ಕೇ ಹೋಗಿ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರ ಆಗತ್ತೆ. ಬಿಪಿ ವರ್ಷಗಟ್ಟಲೆ ಏರಿದ್ರೆ ಆ ಜಾಲರಿ ಹಾಳಾಗಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಮೂತ್ರಕ್ಕೆ ಸೋರತ್ತೆ. ಡ್ರಿಪ್‌ಗೂ ಕಿಡ್ನಿಗೂ ವ್ಯತ್ಯಾಸ ಏನಂದ್ರೆ, ರಕ್ತ ಸರಿಯಾಗಿ ಬರ್ತಿಲ್ಲ ಅನ್ನಿಸಿದ್ರೆ ಕಿಡ್ನಿ ಸುಮ್ನಿರಲ್ಲ, ರೆನಿನ್ ಅಂತ ಒಂದು ವಸ್ತು ರಕ್ತಕ್ಕೆ ಬಿಡತ್ತೆ, ಅದರಿಂದ ಆಂಜಿಯೋಟೆನ್ಸಿನ್ ಜಾಸ್ತಿ ಆಗಿ ರಕ್ತನಾಳ ಬಿಗಿಯತ್ತೆ, ಉಪ್ಪು ನೀರು ಮೈಯಲ್ಲೇ ಉಳಿಯತ್ತೆ, ಬಿಪಿ ಇನ್ನೂ ಏರತ್ತೆ. ಹಾಳಾಗಿರೋ ಫಿಲ್ಟರೇ ಮೋಟ್ರಿಗೆ ಇನ್ನೂ ಜೋರಾಗಿ ಓಡು ಅಂದ ಹಾಗೆ.

ಅದೇ ಆಂಜಿಯೋಟೆನ್ಸಿನ್ ರಕ್ತನಾಳದ ಒಳಗೋಡೆಗೆ, ಕಿಡ್ನಿಗೆ ಉರಿಯೂತ ತರತ್ತೆ, ನಮ್ಮ ಕಡೆ ನಂಜು ಅಂತೀವಲ್ಲ ಆ ಥರದ್ದು, ಆದ್ರೆ ಹೊರಗೆ ಕಾಣೋ ಬಾವು ಕೀವು ಏನೂ ಇರಲ್ಲ, ಒಳಗೇ ಸಣ್ಣಗೆ ಬೇಯ್ತಿರತ್ತೆ. 2007ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಆಯ್ತು, ಟಿ ಮತ್ತು ಬಿ ಅನ್ನೋ ರೋಗನಿರೋಧಕ ಕಣಗಳೇ ಇಲ್ಲದ ಇಲಿಗೆ ಆಂಜಿಯೋಟೆನ್ಸಿನ್ ಕೊಟ್ರೆ ಬೇರೆ ಇಲಿಗಳಷ್ಟು ಬಿಪಿ ಏರ್ಲಿಲ್ಲ, ಟಿ ಕಣ ವಾಪಸ್ ಹಾಕಿದ ಮೇಲೆ ಏರ್ತು. ಅದಕ್ಕೂ ಮುಂಚೆ 2003ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಸ್ಟಡಿಯ 20 ಸಾವಿರಕ್ಕೂ ಜಾಸ್ತಿ ಹೆಂಗಸರ ಲೆಕ್ಕ ನೋಡಿದಾಗ ಸಿಆರ್‌ಪಿ ಜಾಸ್ತಿ ಇದ್ದೋರಿಗೆ ಮುಂದೆ ಬಿಪಿ ಬರೋದೂ ಜಾಸ್ತಿ ಅಂತ ಕಂಡಿತ್ತು. ಹಾಗಂತ ಸಿಆರ್‌ಪಿನೇ ಬಿಪಿ ತರತ್ತೆ ಅಂತಲ್ಲ. ಅದು ನಾಯಿ ಬೊಗಳಿದ ಹಾಗೆ, ಬಂದಿದ್ದು ಕಳ್ಳನೋ ಬೆಕ್ಕೋ ಎದ್ದು ಹೋಗಿ ನೋಡಬೇಕು.

ಏನೇನ್ ಟೆಸ್ಟ್ ಕೇಳಬೇಕು

"ಫುಲ್ ಬಾಡಿ ಚೆಕಪ್" ಪ್ಯಾಕೇಜ್ ತಗೊಂಡು ಅರವತ್ತು ಎಪ್ಪತ್ತು ನಂಬರ್ ತುಂಬಿರೋ ಪುಸ್ತಕ ಹಿಡ್ಕೊಂಡು ಬರ್ತಾರೆ, ಅದರಲ್ಲಿ ಬಿಪಿ ಇರೋರಿಗೆ ಮುಖ್ಯವಾದ ಒಂದು ಟೆಸ್ಟೇ ಎಷ್ಟೋ ಸಲ ಇರಲ್ಲ. ಅದು ಮೂತ್ರದ ಎಸಿಆರ್, ಅಂದ್ರೆ ಆಲ್ಬುಮಿನ್‌ಗೂ ಕ್ರಿಯಾಟಿನಿನ್‌ಗೂ ಇರೋ ಅನುಪಾತ. ರಕ್ತದ ಟೆಸ್ಟ್ ಬಗ್ಗೆ ಬರೀತೀನಿ ಅಂದು ಮೂತ್ರದಿಂದ ಶುರು ಮಾಡ್ತಿದ್ದಾನಲ್ಲ ಅನ್ಕೋಬೇಡಿ. ರಕ್ತದಲ್ಲಿ ಕ್ರಿಯಾಟಿನಿನ್ ನಾರ್ಮಲ್ ಗಡಿ ದಾಟೋ ಹೊತ್ತಿಗೆ ಕಿಡ್ನಿ ಸೋಸೋ ಶಕ್ತಿ ಅರ್ಧದಷ್ಟು ಹೋಗಿರಬಹುದು, ಎಸಿಆರ್ ಅದಕ್ಕಿಂತ ಎಷ್ಟೋ ಮುಂಚೆ ಹೇಳತ್ತೆ. 30ರ ಒಳಗಿದ್ರೆ ಸರಿ, 30ರಿಂದ 300 ಅಂದ್ರೆ ಜಾಲರಿ ಸೋರ್ತಿದೆ, 300 ದಾಟಿದ್ರೆ ಜೋರಾಗೇ ಸೋರ್ತಿದೆ (ಗ್ರಾಂಗೆ ಮಿಲಿಗ್ರಾಂ ಲೆಕ್ಕ). ಪಟ್ಟಿ ಅದ್ದಿ ನೋಡೋ ಮಾಮೂಲಿ ಮೂತ್ರ ಟೆಸ್ಟಲ್ಲಿ "ಪ್ರೋಟೀನ್ ನಿಲ್" ಅಂತ ಬಂದ್ರೂ ಎಸಿಆರ್ 80 ಇರಬಹುದು, ಸಣ್ಣ ಸೋರಿಕೆ ಆ ಪಟ್ಟಿಗೆ ಸಿಗಲ್ಲ.

ಮಿಕ್ಕಿದ್ದು ಇಷ್ಟು. ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ (ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಅನ್ನೋದರಿಂದ ಲೆಕ್ಕ ಹಾಕೋ ಕಿಡ್ನಿ ಸೋಸೋ ವೇಗ), ಪೊಟ್ಯಾಸಿಯಂ, ಸೋಡಿಯಂ, ಯೂರಿಕ್ ಆಸಿಡ್, ಸಿಬಿಸಿ (ರಕ್ತಕಣಗಳ ಎಣಿಕೆ), ಶುಗರ್ ಅಥವಾ ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ). ಡಾಕ್ಟ್ರು ಬರೆದ್ರೆ ಹೈ ಸೆನ್ಸಿಟಿವಿಟಿ ಸಿಆರ್‌ಪಿ, ಅಂದ್ರೆ ಸಣ್ಣ ಏರಿಳಿತವನ್ನೂ ಅಳೆಯೋ ಸಿಆರ್‌ಪಿ. ಅನುಮಾನ ಇದ್ರೆ ಮಾತ್ರ ಸಿಸ್ಟಾಟಿನ್ ಸಿ (ಕಿಡ್ನಿ ಸೋಸೋ ಶಕ್ತಿ ನೋಡೋ ಇನ್ನೊಂದು ರಕ್ತದ ಟೆಸ್ಟ್), ಅದು ದುಬಾರಿ, ಸಣ್ಣ ಊರಿನ ಲ್ಯಾಬುಗಳಿಂದ ಸಾಮಾನ್ಯವಾಗಿ ಬೆಂಗಳೂರಿಗೆ ಸ್ಯಾಂಪಲ್ ಹೋಗತ್ತೆ, ರಿಪೋರ್ಟ್ ಬರೋಕೆ ಒಂದೆರಡು ದಿನ ಹಿಡಿಯತ್ತೆ. ಇಎಸ್‌ಆರ್ ಅನ್ನೋ ಉರಿಯೂತದ ಹಳೇ ಟೆಸ್ಟ್ ನನ್ನ ಕೇಳಿದ್ರೆ ಈ ಕೆಲಸಕ್ಕೆ ಬೇಡ, ವಯಸ್ಸಾದ್ರೆ ಏರತ್ತೆ, ರಕ್ತ ಕಮ್ಮಿ ಇದ್ರೆ ಏರತ್ತೆ, ಕಿಡ್ನಿ ತೊಂದ್ರೆಗೂ ಏರತ್ತೆ.

ಯಾವ ದಿನ, ಹೇಗೆ ಬರಬೇಕು

ಅರ್ಧ ಗೊಂದಲ ಇಲ್ಲೇ ಹುಟ್ಟೋದು, ಅದಕ್ಕೆ ಸ್ವಲ್ಪ ಉದ್ದವಾಗಿ ಬರೀತೀನಿ.

ಬಾಡು ಕಮ್ಮಿ ಅಂದ್ರೂ ಒಂದು ದಿನ ಮುಂಚೆಯಿಂದ ಬೇಡ. ಹಿಂದಿನ ದಿನ ಟೊಮ್ಯಾಟೊ ಮಂಡೀಲಿ ಬಿಸಿಲಲ್ಲಿ ಬಾಕ್ಸ್ ಎತ್ತಿ ಇಳಿಸಿ ಬೆವರು ಸುರಿಸಿದ್ರೆ, ಇಲ್ಲಾ ಜಿಮ್ಮಲ್ಲಿ ಜೋರಾಗಿ ಮಾಡಿದ್ರೆ ಅದೂ ಕ್ರಿಯಾಟಿನಿನ್ ನಂಬರ್ ಏರಿಸತ್ತೆ, ನೀರು ಕಮ್ಮಿ ಆದ್ರೆ ಯೂರಿಯಾನೂ (ಕಿಡ್ನಿ ಹೊರಹಾಕೋ ಇನ್ನೊಂದು ಕಸ) ಏರತ್ತೆ. ಜಿಮ್ ಹುಡುಗ್ರು ಕ್ರಿಯಾಟಿನ್ ಪೌಡರ್ ತಗೋತಿದ್ರೆ ಮುಚ್ಚಿಡಬೇಡಿ, ಹೇಳಿ. ನೀರು ಕುಡಿದು ಬನ್ನಿ, ಉಪವಾಸ ಅಂದ್ರೆ ನೀರೂ ಬೇಡ ಅಂತಲ್ಲ. ಬಿಪಿ ಮಾತ್ರೆ ತಗೊಂಡೇ ಬರಬಹುದು, ಡಾಕ್ಟ್ರು ಬೇಡ ಅಂದಿದ್ರೆ ಮಾತ್ರ ಬಿಡಿ. ಟೆಸ್ಟಿದೆ ಅಂತ ಮೂರು ದಿನ ಮಾತ್ರೆ ನಿಲ್ಸಿ ಬರೋರು ಇದ್ದಾರೆ, ಹಾಗೆ ಮಾಡಬೇಡಿ.

ನೆಗಡಿ, ಜ್ವರ, ಹಲ್ಲುನೋವು, ಕಾಲಲ್ಲಿ ಗಾಯ, ಮೊನ್ನೆ ಹಾಕ್ಸಿದ ಲಸಿಕೆ, ಇದರಲ್ಲಿ ಯಾವುದಿದ್ರೂ ಸಿಆರ್‌ಪಿ ಮುಂದಕ್ಕೆ ಹಾಕಿ. ಲಿವರ್ ಅದನ್ನ ತಯಾರು ಮಾಡೋದೇ ಮೈಗೆ ಏನೋ ಆಗಿದೆ ಅಂತ ಸುದ್ದಿ ಬಂದಾಗ. ಆರಾಮಾಗಿ ಎರಡು ವಾರ ಆದ್ಮೇಲೆ ಮಾಡ್ಸಿ, ಆಗ್ಲೂ ಒಂದೇ ಸಲದ ನಂಬರ್ ನೆಚ್ಚಿಕೋಬೇಡಿ, ಎರಡು ವಾರ ಬಿಟ್ಟು ಇನ್ನೊಂದು ಮಾಡ್ಸಿ ಎರಡರ ಸರಾಸರಿ ತಗೊಳ್ಳೋದು ಸರಿಯಾದ ರೀತಿ.

ಮೂತ್ರ ಬೆಳಗ್ಗೆ ಎದ್ದ ತಕ್ಷಣದ್ದು ಆದ್ರೆ ಒಳ್ಳೇದು. ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಕೊಡಬೇಡಿ, ಉರಿಮೂತ್ರ ಇದ್ರೆ ಅದು ವಾಸಿಯಾದ್ಮೇಲೆ ಕೊಡಿ. ಒಂದ್ ಸಲ ಜಾಸ್ತಿ ಬಂದ್ರೆ ತೀರ್ಮಾನ ಮಾಡ್ಬೇಡಿ, ಮೂರು ತಿಂಗಳಲ್ಲಿ ಮೂರು ಸ್ಯಾಂಪಲ್ ಕೊಟ್ಟು ಎರಡರಲ್ಲಾದ್ರೂ ಜಾಸ್ತಿ ಇದ್ರೆ ಆಗ ಅದು ನಿಜ.

ರಕ್ತ ತೆಗೆಯುವಾಗ ಒಂದು ವಿಷಯ. ನರ ಸಿಗಲಿ ಅಂತ ಪಟ್ಟಿ ಬಿಗಿಯಾಗಿ ಕಟ್ಟಿ, "ಮುಷ್ಟಿ ಬಿಗೀರಿ ಬಿಡಿ ಬಿಗೀರಿ ಬಿಡಿ" ಅಂತ ಹೇಳ್ತೀವಲ್ಲ, ಅದು ಪೊಟ್ಯಾಸಿಯಂ ಸುಳ್ಳೇ ಏರಿಸತ್ತೆ. ಸ್ಯಾಂಪಲ್ ಬಸ್ಸಲ್ಲಿ ಕುಲುಕಿ ತಡವಾಗಿ ಮೆಷಿನ್ನಿಗೆ ಹೋದ್ರೂ ಅಷ್ಟೇ, ಕೆಂಪು ಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಬಂದಿರತ್ತೆ. ಸೀರಂ ತಿಳಿ ಹಳದಿ ಇರಬೇಕು, ನಸುಗೆಂಪು ಕಂಡ್ರೆ ಒಳ್ಳೇ ಲ್ಯಾಬು ತಾನಾಗೇ ಇನ್ನೊಂದು ಸ್ಯಾಂಪಲ್ ಕೇಳತ್ತೆ. ಕೇಳಿದ್ರೆ ಬೈಬೇಡಿ, ದಯವಿಟ್ಟು ಇನ್ನೊಂದ್ ಸಲ ಚುಚ್ಚಿಸ್ಕೊಳಿ.

ಆಮೇಲೆ ಸಾಧ್ಯ ಆದಷ್ಟೂ ಪ್ರತಿ ಸಲ ಒಂದೇ ಲ್ಯಾಬು. ಕೋಲಾರದ ಕಡೆಯ ಒಬ್ರು ಯಜಮಾನ್ರು ಬಾಳೆದಿಂಡಿನ ರಸ ಒಂದು ತಿಂಗ್ಳು ಕುಡಿದು "ನೋಡಪ್ಪ, ಯೂರಿಯಾ 38 ಇದ್ದಿದ್ದು 18ಕ್ಕೆ ಇಳೀತು" ಅಂತ ಖುಷಿಯಾಗಿ ಎರಡು ರಿಪೋರ್ಟ್ ತೋರ್ಸಿದ್ರು. ಮೊದಲನೇ ಲ್ಯಾಬು ಬರೆದಿದ್ದು ಯೂರಿಯಾ, ಎರಡನೇದು ಬರೆದಿದ್ದು ಬಿಯುಎನ್, ಅಂದ್ರೆ ಯೂರಿಯಾ ಒಳಗಿನ ನೈಟ್ರೋಜನ್ ಲೆಕ್ಕ ಮಾತ್ರ. ಬಿಯುಎನ್ನನ್ನ 2.14ರಿಂದ ಗುಣಿಸಿದ್ರೆ ಯೂರಿಯಾ ಬರತ್ತೆ, 18 ಅಂದ್ರೆ 38.5, ಹೆಚ್ಚುಕಮ್ಮಿ ಅಲ್ಲೇ ನಿಂತಿದೆ. ಹೇಳೋಕೆ ನಂಗೇ ಬೇಜಾರಾಯ್ತು. ಸಿಆರ್‌ಪೀಲೂ ಇದೇ ಮೋಸ ಇದೆ, ಕೆಲವರು ಲೀಟರ್ ಲೆಕ್ಕ ಹಾಕ್ತಾರೆ, ಕೆಲವರು ಡೆಸಿಲೀಟರ್, ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ನಂಬರ್ ಪಕ್ಕ ಇರೋ ಆ ಸಣ್ಣ ಅಕ್ಷರ ಓದದೆ ಯಾರ ರಿಪೋರ್ಟನ್ನೂ ಹೋಲಿಸಬೇಡಿ.

ಕ್ರಿಯಾಟಿನಿನ್ ನೋಡಬೇಡಿ, ಇಜಿಎಫ್‌ಆರ್ ನೋಡಿ

1.3 ಅನ್ನೋ ಒಂದೇ ನಂಬರ್ ತಗೊಳಿ. ಇಜಿಎಫ್‌ಆರ್ ಲೆಕ್ಕ ಹಾಕೋ 2021ರ ಸಿಕೆಡಿ ಇಪಿಐ ಸೂತ್ರಕ್ಕೆ ಹಾಕಿದ್ರೆ 28 ವರ್ಷದ ಹುಡುಗನಿಗೆ ಇಜಿಎಫ್‌ಆರ್ 77 ಬರತ್ತೆ, 58 ವರ್ಷದ ಗಂಡಸಿಗೆ 64, ಅದೇ 58ರ ಹೆಂಗಸಿಗೆ 48. ಗಂಡ ಹೆಂಡತಿ ಇಬ್ರೂ ಒಟ್ಟಿಗೆ ಬಂದು ಇಬ್ರಿಗೂ 1.3 ಬಂತು ಅಂದ್ರೆ ಗಂಡಂದು ಅಂಥಾ ಚಿಂತೆ ಇಲ್ಲ, ಆದ್ರೆ ಹೆಂಡತೀದು ಕಿಡ್ನಿ ತೊಂದ್ರೆಯ ಐದು ಹಂತದಲ್ಲಿ ಮೂರನೇ ಹಂತದ ಲೆಕ್ಕಕ್ಕೆ ಹೋಗತ್ತೆ. ನಮ್ಮ ಮನೆಗಳಲ್ಲಿ ಆಗೋದು ಉಲ್ಟಾ, ಗಂಡನ್ನ ಬೆಂಗಳೂರಿಗೆ ಕರ್ಕೊಂಡ್ ಹೋಗ್ತಾರೆ, "ಅಮ್ಮಂದೇನ್ ಇಲ್ಲ ಬಿಡಿ, ಅಪ್ಪಂದಷ್ಟೇ ಇದೆ" ಅಂತ ಅಮ್ಮನ್ನ ಮನೇಲೇ ಬಿಡ್ತಾರೆ.

ಕ್ರಿಯಾಟಿನಿನ್ ಮಾಂಸಖಂಡದಿಂದ ಬರೋದು. ಖಂಡ ಜಾಸ್ತಿ ಇರೋನಿಗೆ ಕಿಡ್ನಿ ಚೆನ್ನಾಗಿದ್ರೂ ಜಾಸ್ತಿ, ಸೊರಗಿದ ಅಜ್ಜಿಗೆ ಕಿಡ್ನಿ ಕೆಟ್ಟಿದ್ರೂ ಕಮ್ಮಿ. ಇಜಿಎಫ್‌ಆರ್ 90 ಮೇಲೆ ಚೆನ್ನಾಗಿದೆ, 60ರಿಂದ 89 ಆದ್ರೆ ಎಸಿಆರ್ ಸರಿ ಇದ್ದಲ್ಲಿ ಅದನ್ನೇ ರೋಗ ಅನ್ನಲ್ಲ, 60ರ ಕೆಳಗೆ ಮೂರು ತಿಂಗಳಿಗೂ ಜಾಸ್ತಿ ನಿಂತ್ರೆ ದೀರ್ಘಕಾಲದ ಕಿಡ್ನಿ ತೊಂದ್ರೆ ಅಂತಾರೆ, 15ರ ಕೆಳಗೆ ಹೋದ್ರೆ ಡಯಾಲಿಸಿಸ್ ಮಾತು ಶುರುವಾಗತ್ತೆ. ಮೂರು ತಿಂಗಳು ಅನ್ನೋದನ್ನ ಗಟ್ಟಿಯಾಗಿ ನೆನಪಿಟ್ಕೊಳಿ, ವಾಂತಿ ಭೇದಿ ಆದ ವಾರದ ರಿಪೋರ್ಟ್ ಹಿಡ್ಕೊಂಡು ಕಿಡ್ನಿ ರೋಗ ಅಂತ ಹಣೆಪಟ್ಟಿ ಹಚ್ಕೋಬೇಡಿ.

ಈಗ ಪಕ್ಕದಲ್ಲಿ ನಂಜಿನ ನಂಬರ್ ಇಡಿ

ಹೈ ಸೆನ್ಸಿಟಿವಿಟಿ ಸಿಆರ್‌ಪಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ರೆ ಹೃದಯದ ಲೆಕ್ಕದಲ್ಲಿ ಅಪಾಯ ಕಮ್ಮಿ, 1ರಿಂದ 3 ಮಧ್ಯಮ, 3ರ ಮೇಲೆ ಜಾಸ್ತಿ. 10 ದಾಟಿದ್ರೆ ಬಿಪಿ ಹೃದಯ ಅಂತ ಯೋಚ್ನೆ ಮಾಡೋದು ಬಿಡಿ, ಎಲ್ಲೋ ಸೋಂಕೋ ಗಾಯವೋ ಕೀಲುವಾತವೋ ಇದೆ, ಮೊದ್ಲು ಅದನ್ನ ಹುಡುಕ್ಸಿ. ಮಾಮೂಲಿ ಸಿಆರ್‌ಪಿ ಟೆಸ್ಟಲ್ಲಿ "6ಕ್ಕಿಂತ ಕಮ್ಮಿ" ಅಂತಷ್ಟೇ ಬರತ್ತೆ, ಅದರಿಂದ ಈ ಸಣ್ಣ ವ್ಯತ್ಯಾಸ ಗೊತ್ತಾಗಲ್ಲ, ಚೀಟೀಲಿ ಯಾವುದು ಬರೆದಿದ್ದಾರೆ ನೋಡ್ಕೊಂಡು ದುಡ್ಡು ಕಟ್ಟಿ.

ದುಡ್ಡಿಲ್ಲದೆ ಸಿಗೋ ಇನ್ನೊಂದು ಲೆಕ್ಕ ನಿಮ್ಮ ಸಿಬಿಸಿಯಲ್ಲೇ ಇದೆ. ನ್ಯೂಟ್ರೋಫಿಲ್ ಶೇಕಡಾನ ಲಿಂಫೋಸೈಟ್ ಶೇಕಡಾದಿಂದ ಭಾಗಿಸಿ (ಎರಡೂ ಬಿಳಿ ರಕ್ತಕಣದ ಜಾತಿ). ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರತ್ತೆ. ನಮ್ಮ ಚಿಕ್ಕಪ್ಪಂಗೆ ಒಂದ್ ಸಲ 72 ಭಾಗಿಸು 18, ಅಂದ್ರೆ 4 ಬಂದಿತ್ತು, ಸಿಆರ್‌ಪಿನೂ ಏರಿತ್ತು, ಬಿಪಿ 160ರ ಸುತ್ತ ಅಲೀತಿತ್ತು. ಎಲ್ಲಾ ನೋಡಿ ಕೊನೆಗೆ ಸಿಕ್ಕಿದ್ದು ದವಡೆ ಹಲ್ಲಿನ ಬುಡದಲ್ಲಿ, ಹೊಗೆಸೊಪ್ಪು ಇಟ್ಟಿಟ್ಟು ವಸಡು ಕೊಳೆತಿತ್ತು. ಹಲ್ಲು ಕೀಳ್ಸಿ ಒಂದೂವರೆ ತಿಂಗಳಾದ್ಮೇಲೆ 58 ಭಾಗಿಸು 34, ಅಂದ್ರೆ 1.7. ಬಿಪಿ ಹಲ್ಲಿಂದಲೇ ಇಳೀತು ಅಂತ ನಾನ್ ಹೇಳಲ್ಲ, ಅದೇ ಸಮಯಕ್ಕೆ ಡಾಕ್ಟ್ರು ಮಾತ್ರೆನೂ ಜಾಸ್ತಿ ಮಾಡಿದ್ರು. ಈ ಅನುಪಾತಕ್ಕೆ ಇಷ್ಟಾದ್ರೆ ಇಂಥ ಮಾತ್ರೆ ಅಂತ ಯಾವ ಗಡೀನೂ ಇಲ್ಲ, ಸ್ಟೀರಾಯ್ಡ್ ತಗೊಂಡ್ರೂ ಏರತ್ತೆ, ಸುಳಿವು ಅಂತ ಮಾತ್ರ ಇಟ್ಕೊಳಿ.

ಯೂರಿಕ್ ಆಸಿಡ್ ಬಗ್ಗೆ ಎರಡೇ ಮಾತು. ಅದರಲ್ಲಿ ಮೂರನೇ ಎರಡು ಪಾಲು ಹೊರಹೋಗೋದು ಕಿಡ್ನಿಯಿಂದಲೇ, ಹಾಗಾಗಿ ಕಿಡ್ನಿ ನಿಧಾನ ಆದ್ರೆ ಏರತ್ತೆ, ಬಿಪಿಗೆ ಕೊಡೋ ನೀರಿನ ಮಾತ್ರೆಯಿಂದಲೂ (ಮೂತ್ರ ಜಾಸ್ತಿ ಮಾಡೋದು) ಏರತ್ತೆ.

ಎರಡೂ ಸೇರ್ಸಿ ಓದೋದು

ಕ್ರಿಯಾಟಿನಿನ್ ಚೆನ್ನಾಗಿದೆ, ಎಸಿಆರ್ 60, ಸಿಆರ್‌ಪಿ 2.8, ಬಿಪಿ 150/94 ಅನ್ನೋ ಥರ ಬಂದ್ರೆ ಹೆಚ್ಚಿನವರು "ಎಲ್ಲಾ ನಾರ್ಮಲ್" ಅಂತ ಫೈಲ್ ಮುಚ್ಚಿಬಿಡ್ತಾರೆ. ನನ್ನ ಲೆಕ್ಕದಲ್ಲಿ ಡಾಕ್ಟ್ರನ್ನ ಓಡಿಹೋಗಿ ನೋಡಬೇಕಾದ್ದು ಈ ರಿಪೋರ್ಟ್ ಇರೋರು, ಯಾಕಂದ್ರೆ ಉಳಿಸ್ಕೊಳ್ಳೋಕೆ ಇನ್ನೂ ಬೇಕಾದಷ್ಟಿದೆ. ಹೆಸರು "ಸಾರ್ಟಾನ್" ಅಥವಾ "ಪ್ರಿಲ್" ಅಂತ ಮುಗಿಯೋ ಮಾತ್ರೆಗಳು, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್ ಥರದ್ದು, ಬಿಪಿ ಇಳಿಸೋದರ ಜೊತೆಗೆ ಈ ಸೋರಿಕೆಯನ್ನೂ ಕಮ್ಮಿ ಮಾಡ್ತವೆ.

ಆ ಮಾತ್ರೆ ಶುರು ಮಾಡಿದ ಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಇನ್ನೊಂದ್ ಸಲ ನೋಡ್ಸಬೇಕು. ಕ್ರಿಯಾಟಿನಿನ್ ಸ್ವಲ್ಪ ಏರತ್ತೆ, ಶೇಕಡಾ 30ರ ತನಕ ಏರಿದ್ರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಲ್ಲ, ಜಾಲರಿ ಮೇಲಿನ ಒತ್ತಡ ಕಮ್ಮಿ ಆಗಿದ್ದಕ್ಕೆ ಹಾಗೆ ಬರೋದು. 1.0 ಇದ್ದಿದ್ದು 1.2 ಆಯ್ತು ಅಂತ ಯಾರದೋ ಮಾತು ಕೇಳಿ ನೀವೇ ಮಾತ್ರೆ ಬಿಟ್ರೆ ಕೆಲಸ ಕೆಡತ್ತೆ.

ಕ್ರಿಯಾಟಿನಿನ್ 1.8ಕ್ಕೆ ಹಾರಿದೆ, ಸಿಆರ್‌ಪಿ 40, ಮೂರು ದಿನದಿಂದ ಜ್ವರ ಅಂದ್ರೆ ಅದು ಬೇರೇನೇ ಕಥೆ. ಸೋಂಕಿಂದಲೋ ನೀರು ಕಮ್ಮಿಯಾಗಿಯೋ ಕಿಡ್ನಿಗೆ ತಕ್ಷಣದ ಪೆಟ್ಟು ಬಿದ್ದಿರಬಹುದು, ಅವತ್ತೇ ತೋರ್ಸಿ, ಮುಂದಿನ ವಾರ ಅನ್ಬೇಡಿ. ಭೇದಿ ವಾಂತಿ ಇರುವಾಗ ಬಿಪಿ ಮಾತ್ರೆ, ನೀರಿನ ಮಾತ್ರೆ ಮುಂದುವರ್ಸಬೇಕಾ ಅಂತ ಫೋನ್ ಮಾಡಿಯಾದ್ರೂ ಕೇಳಿ.

ಇನ್ನೊಂದು ಜಾತಿ ರಿಪೋರ್ಟ್ ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೇಲಿ ಯಥೇಚ್ಛ. ಎಸಿಆರ್ ಸರಿ ಇದೆ, ಸಿಆರ್‌ಪಿ ಹೆಚ್ಚೇನಿಲ್ಲ, ಆದ್ರೂ ಕ್ರಿಯಾಟಿನಿನ್ ವರ್ಷದಿಂದ ವರ್ಷಕ್ಕೆ ಮೇಲೆ ಹೋಗ್ತಿದೆ. ಇಂಥೋರು ಬಂದ್ರೆ ನಾನು ಮೊದ್ಲು ಕೇಳೋದು "ಮಂಡಿನೋವಿಗೆ ಏನ್ ತಗೋತೀರಿ ಅಕ್ಕಾ" ಅಂತ. ಚಿಕೂನ್‌ಗುನ್ಯಾ ಬಂದು ಹೋದ್ಮೇಲೆ ಕೀಲುನೋವು ನಿಲ್ಲಲ್ಲ, ರೇಷ್ಮೆ ಮನೇಲಿ ಕೂತು ಎದ್ದು ಸೊಂಟ ಹಿಡ್ಕೊಂಡಿರತ್ತೆ, ಮೆಡಿಕಲ್ಲಲ್ಲಿ ಕೇಳಿದ್ರೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಎರಡು ಮಾತ್ರೆ ಪೊಟ್ಟಣ ಕಟ್ಟಿ ಕೊಡ್ತಾರೆ. ಈ ನೋವಿನ ಮಾತ್ರೆ ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡತ್ತೆ, ಉಪ್ಪು ಹಿಡಿದಿಡತ್ತೆ, ಬಿಪಿ ಏರಿಸತ್ತೆ. ಸಾರ್ಟಾನ್ ಮಾತ್ರೆ, ನೀರಿನ ಮಾತ್ರೆ, ಜೊತೆಗೆ ಇದು, ಮೂರೂ ಒಂದೇ ಹೊಟ್ಟೆಗೆ ಬಿದ್ರೆ ಇನ್ನೂ ಕೆಟ್ಟದ್ದು. ಮೋಸ ಏನಂದ್ರೆ ಈ ಮಾತ್ರೆ ತಗೊಂಡಾಗ ನೋವೂ ಊತವೂ ಇಳಿಯತ್ತೆ, ಒಳ್ಳೇದಾಗ್ತಿದೆ ಅಂತ್ಲೇ ಅನ್ಸತ್ತೆ.

ಸಿಸ್ಟಾಟಿನ್ ಸಿ ಯಾವಾಗ ಬೇಕು ಅಂದ್ರೆ, ತೀರಾ ಸೊರಗಿದೋರಿಗೆ, ಕಾಲು ತೆಗೆಸಿರೋರಿಗೆ, ಜಿಮ್ ಮಾಡೋರಿಗೆ, ಅಂದ್ರೆ ಕ್ರಿಯಾಟಿನಿನ್ ನಂಬೋಕಾಗದೆ ಇರೋರಿಗೆ. ಅದು ಖಂಡದ ಮೇಲೆ ಅಷ್ಟಾಗಿ ನಿಲ್ಲಲ್ಲ, ಎರಡನ್ನೂ ಸೇರ್ಸಿ ಲೆಕ್ಕ ಹಾಕಿದ್ರೆ ಇಜಿಎಫ್‌ಆರ್ ಇನ್ನೂ ಸರಿಯಾಗಿ ಸಿಗತ್ತೆ. ಆದ್ರೆ ಉರಿಯೂತ ಇದ್ರೆ, ಸ್ಟೀರಾಯ್ಡ್ ತಗೋತಿದ್ರೆ, ಥೈರಾಯ್ಡ್ ಹಾರ್ಮೋನ್ ಜಾಸ್ತಿ ಇದ್ರೆ, ಬೀಡಿ ಸೇದ್ತಿದ್ರೆ, ದಪ್ಪ ಇದ್ರೆ ಸಿಸ್ಟಾಟಿನ್ ತಾನಾಗೇ ಏರತ್ತೆ. ಸಿಆರ್‌ಪಿ 15 ಇರೋ ದಿನ ತೆಗೆದ ಸಿಸ್ಟಾಟಿನ್ ನೋಡಿ ಕಿಡ್ನಿ ಕೆಟ್ಟಿದೆ ಅಂದ್ರೆ ಆ ತೀರ್ಮಾನ ತಪ್ಪಿರಬಹುದು. ಹಾಗಾಗಿ ಅಷ್ಟು ದುಡ್ಡು ಕೊಟ್ಟು ಮಾಡ್ಸೋದಾದ್ರೆ ಸಿಆರ್‌ಪಿನೂ ಅದೇ ದಿನ, ಅದೇ ಸ್ಯಾಂಪಲಲ್ಲಿ ಮಾಡ್ಸಿ.

ಮನೇಲಿ ಮಾಡೋದು

ಸಿಆರ್‌ಪಿ ಇಳಿಸೋಕೆ ಅಂತಲೇ ಬಿಪಿ ಇರೋರಿಗೆ ಬೇರೆ ಮಾತ್ರೆ ಬರೆಯಲ್ಲ. ಬೀಡಿ ಹೊಗೆಸೊಪ್ಪು ಬಿಡೋದು, ಹೊಟ್ಟೆ ಕರಗಿಸೋದು, ವಸಡು ನೋಡ್ಕೊಳ್ಳೋದು, ಇಷ್ಟೇ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಅಂತ ಡಬ್ಲ್ಯುಎಚ್‌ಒ ಹೇಳತ್ತೆ, ಅಂದ್ರೆ ಒಂದು ಟೀ ಚಮಚ, ಎಲ್ಲಾ ಸೇರಿ. ಮುದ್ದೆಗೆ ಉಪ್ಪು ಹಾಕಲ್ಲ ಅಂತ ಸಮಾಧಾನ ಪಟ್ಕೋಬೇಡಿ, ಉಪ್ಪುಸಾರು, ಅದರ ಖಾರ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಎಲ್ಲಾ ಒಂದೇ ತಟ್ಟೇಲಿ ಇರತ್ತೆ. ಲೋ ಸೋಡಿಯಂ ಉಪ್ಪು ಅಂತ ಬರತ್ತಲ್ಲ, ಅದರಲ್ಲಿ ಪೊಟ್ಯಾಸಿಯಂ ಹಾಕಿರ್ತಾರೆ, ಇಜಿಎಫ್‌ಆರ್ ಕಮ್ಮಿ ಇರೋರು ಇಲ್ಲಾ ಸಾರ್ಟಾನ್ ತಗೊಳ್ಳೋರು ಕೇಳದೆ ತರಬೇಡಿ. ಎಳನೀರೂ ಹಾಗೇ. ತಿಪಟೂರು ತುರುವೇಕೆರೆ ಕಡೆ ತೋಟ ಇರೋರಿಗೆ ಇದು ಹೇಳಿದ್ರೆ ಕೋಪ ಬರತ್ತೆ, ಆರೋಗ್ಯವಾಗಿರೋರು ಧಾರಾಳವಾಗಿ ಕುಡೀರಿ, ಪೊಟ್ಯಾಸಿಯಂ 5.5 ಬಂದಿರೋರು ದಿನಾ ಎರಡು ಎಳನೀರು ಇಳಿಸಬೇಡಿ ಅಂತಷ್ಟೇ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಫ್ಲೋರೈಡ್ ಇರೋ ಬೋರ್ ನೀರು ಕುಡಿಯೋರಿಗೆ ಇನ್ನೊಂದು ಮಾತು, ಮೈಗೆ ಹೋದ ಫ್ಲೋರೈಡನ್ನ ಹೊರಹಾಕೋದು ಕಿಡ್ನಿನೇ, ಅದು ನಿಧಾನ ಆದ್ರೆ ಫ್ಲೋರೈಡ್ ಮೈಯಲ್ಲೇ ಜಾಸ್ತಿ ಉಳಿಯತ್ತೆ, ಕುಡಿಯೋಕೆ ಮಾತ್ರ ಶುದ್ಧ ನೀರಿನ ಘಟಕದ ನೀರು ತನ್ನಿ.

ಮುಖ ಕಾಲು ಊದ್ಕೊಂಡು ಮೂತ್ರ ಕಮ್ಮಿ ಆದ್ರೆ, ಉಸಿರು ಕಟ್ಟಿದ್ರೆ, ಬಿಪಿ 180/120 ದಾಟಿ ಎದೆನೋವೋ ಕಣ್ಣು ಮಂಜೋ ಬಂದ್ರೆ, ಪೊಟ್ಯಾಸಿಯಂ 6 ದಾಟಿದ್ರೆ ಈ ಲೆಕ್ಕಾಚಾರ ಎಲ್ಲಾ ಪಕ್ಕಕ್ಕಿಟ್ಟು ಸೀದಾ ಆಸ್ಪತ್ರೆಗೆ ಹೋಗಿ.

ಇಲ್ಲಾಂದ್ರೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡು ಅಡ್ಡ ಗೆರೆ ಎಳೀರಿ. ತಾರೀಖು, ಅವತ್ತಿನ ಬಿಪಿ (ಐದು ನಿಮಿಷ ಸುಮ್ನೆ ಕೂತು ನೋಡಿದ್ದು), ಇಜಿಎಫ್‌ಆರ್, ಎಸಿಆರ್, ಪೊಟ್ಯಾಸಿಯಂ, ಸಿಆರ್‌ಪಿ, ಕೊನೇ ಖಾನೆ ಸ್ವಲ್ಪ ಅಗಲ ಇಡಿ, ಅಲ್ಲಿ ಆ ವಾರ ಏನಾಗಿತ್ತು ಅಂತ ಬರೀರಿ, ನೆಗಡಿ, ಮಂಡಿನೋವಿನ ಮಾತ್ರೆ, ಬಾಡೂಟ. ಡಾಕ್ಟ್ರ ಹತ್ರ ಹೋಗುವಾಗ ಆ ಪುಸ್ತಕ, ಮನೇಲಿರೋ ಎಲ್ಲಾ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು, ನಾಟಿ ಔಷಧಿ ಪುಡಿ ಇದ್ರೆ ಅದನ್ನೂ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ. ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಅಂದ್ರೆ ಕ್ಯಾಲೆಂಡರಲ್ಲಿ ಊರಹಬ್ಬ ಯಾವತ್ತು ಅಂತ ಮೊದ್ಲು ನೋಡ್ಕೊಳಿ, ಸಾರಿನ ಪಾತ್ರೆ ತೊಳೆದು ನಾಲ್ಕು ದಿನ ಆದ್ಮೇಲೆ ಬನ್ನಿ.